ಅರಿಶಿನದ ನೀರು

ಬಟ್ಟೆ ಒಗೆಯುವ ಮಿಷನ್ ನೀರು ಬಿಟ್ಟಾಗಲೆಲ್ಲ ನಮ್ಮ ಹಳೇ ಮನೆಯ ಸಣ್ಣ ಪೈಪು ತಡೆಯಲಾರದೆ ಅಡುಗೆಮನೆಯ ಬಚ್ಚಲಲ್ಲಿ ಉಕ್ಕುತ್ತಿತ್ತು. ಇವತ್ತು ಪ್ಲಂಬರ್ ಚಂದ್ರು ದಪ್ಪ ಪೈಪು ಹಾಕಿದ.

"ಈ ಸಲಾನೂ ಉಕ್ಕುದ್ರೆ ಮಿಷನ್ನು ಪಣಕಹಳ್ಳಿಗೆ, ನನ್ ಮಗಳ ಮನೆಗೆ," ಎಂದರು ಅತ್ತೆ ವಿಶಾಲಾಕ್ಷಮ್ಮ. ಆಮೇಲೆ ತಾವೇ, ನೀರಿನ ಗುರುತು ಸಿಗಲೆಂದು ಖಾಲಿ ಮಿಷನ್ನಿಗೆ ಒಂದು ಹಿಡಿ ಅರಿಶಿನ ಸುರಿದು, ಸ್ವಿಚ್ ಒತ್ತಿ, ಪೈಪಿನ ತುದಿ ಕಾಯಲು ಹಿತ್ತಿಲಿಗೆ ಓಡಿದರು.

ನಾನು ಗೋಣಿಚೀಲ ಹಿಡಿದು ಬಚ್ಚಲ ಮುಂದೆ ಕೂತೆ. ಮಿಷನ್ ನೀರು ಬಿಟ್ಟಿತು. ತೂತಿನೊಳಗೆ ಗೊಳಗೊಳ ಸದ್ದು ಮೇಲೇರಿತು. ಗೋಣಿಚೀಲ ಮುಂದೆ ಚಾಚಿದೆ. ಸದ್ದು ಹಾಗೇ ಇಳಿಯಿತು. ನೆಲಕ್ಕೆ ಒಂದು ಹನಿಯೂ ಬರಲಿಲ್ಲ!

"ಬಂತು ಕಣಮ್ಮಿ! ಬಾಳೆ ಬುಡಕ್ಕೆ ಅಳದಿ ನೀರು ಬಂತು!"

ಓಡಿಹೋದೆ. ಅತ್ತೆಯ ಪಾದವೆಲ್ಲ ಹಳದಿ.

"ನಗ್ತಾ ನಿಂತ್ಕಂಡ್ಯಲ್ಲ! ಓಗು, ಮಿಷನ್ನಿಗೆ ನನ್ ಕಂಬಳಿ ಆಕ್ಬುಡು!"