ವರದಿಗೆ ಬಾರದ ಎರಡು ಹಗ್ಗಗಳು

ನಾನು ಹಗ್ಗ ಎಳೆದು ನೋಡುವ ಯಂತ್ರ. ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ ಎರಕದ ಕಬ್ಬಿಣದಿಂದ ಹುಟ್ಟಿದೆ. ನನಗಿರುವುದು ಎರಡು ದವಡೆ, ಒಂದು ಪೆನ್ನು. ಹಗ್ಗದ ಎರಡು ತುದಿಗಳನ್ನು ದವಡೆಗೆ ಕಚ್ಚಿಸಿದರೆ ಅದು ಹರಿಯುವವರೆಗೂ ಎಳೆಯುತ್ತೇನೆ. ಎಷ್ಟು ಭಾರಕ್ಕೆ ಹರಿಯಿತೆಂದು ಪೆನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಬೇರೆ ವಿದ್ಯೆ ನನಗೆ ಬರದು.

ಅರಸೀಕೆರೆಯ ಹೊರಗಿನ ನಾರು ಸಂಶೋಧನಾ ಸಂಸ್ಥೆಗೆ ನನ್ನನ್ನು ಲಾರಿಯಲ್ಲಿ ತಂದರು. ಆಗ ಪೂರ್ತಿ ಅನುದಾನ ಸರ್ಕಾರದ್ದು. ಹಗ್ಗ ಹೊಸೆಯುವ ಹೆಂಗಸರು ಬುಟ್ಟಿಯಲ್ಲಿ ಹಗ್ಗ ತಂದರೂ ಎಳೆದು ನೋಡಿ, ಹುರಿ ಎಲ್ಲಿ ಸಡಿಲವಾಗಿದೆ ಎಂದು ತಿಳಿಸಿ ಕಳಿಸುತ್ತಿದ್ದರು. ಅವರಿಂದ ಯಾರೂ ಶುಲ್ಕ ಕೇಳುತ್ತಿರಲಿಲ್ಲ.

ನನ್ನ ಪಕ್ಕದ ಕೋಣೆಯಲ್ಲೇ ಆಡಳಿತ ಮಂಡಳಿಯ ಸಭೆ. ನಡುವೆ ಒಂದು ಹಲಗೆ ಗೋಡೆ, ಅಷ್ಟೇ. ಆ ಗೋಡೆಯಾಚೆಯಿಂದಲೇ ಒಂದು ದಿನ ಕೇಳಿದೆ: ಇನ್ನು ಮುಂದೆ ಸರ್ಕಾರ ಕೊಡುವುದು ಅರ್ಧ, ಉಳಿದರ್ಧವನ್ನು ಸಂಸ್ಥೆಯೇ ಕಾರ್ಖಾನೆಗಳಿಂದ ಸಂಪಾದಿಸಬೇಕು. ಆಮೇಲೆ ನಿವೃತ್ತರಾದವರ ಜಾಗಕ್ಕೆ ಕಾಯಂ ಆಗಿ ಯಾರೂ ಬರಲಿಲ್ಲ. ಹನ್ನೊಂದು ತಿಂಗಳ ಗುತ್ತಿಗೆಯವರು ಬಂದರು. ಮಂಡಳಿಯಲ್ಲಿ ಉದ್ಯಮದ ಪ್ರತಿನಿಧಿಯಾಗಿ ಹಗ್ಗದ ಮಿಲ್ಲಿನ ಮಾಲೀಕ ಮರುಳಸಿದ್ದಯ್ಯ ಬಂದರು.

ಗುತ್ತಿಗೆಯ ಮೇಲೆ ಬಂದವರಲ್ಲಿ ಹಲೀಮಾ ಒಬ್ಬಳು. ಪ್ರತಿ ಸಲ ಗುತ್ತಿಗೆ ನವೀಕರಿಸಿಕೊಂಡು ಏಳು ವರ್ಷ ನನ್ನನ್ನು ನಡೆಸಿದಳು. ಹಗ್ಗ ಹರಿಯುವ ಮೊದಲು ಒಳಗಿನ ಎಳೆಗಳು ಒಂದೊಂದಾಗಿ ಚಿಟ್ ಚಿಟ್ ಎನ್ನುತ್ತವೆ. ಅವಳು ಹತ್ತಿರ ಬಂದು ಕಿವಿಗೊಡುತ್ತಿದ್ದಳು. ನನ್ನ ಪೆನ್ನಿಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು.

ಒಂದು ಮಾರ್ಚ್ ತಿಂಗಳು ಮರುಳಸಿದ್ದಯ್ಯನವರ ಮಿಲ್ಲಿನಿಂದ ಹೊಸ ಬಗೆಯ ಹಗ್ಗ ಬಂತು. ತೆಂಗಿನ ನಾರಿಗೆ ಪ್ಲಾಸ್ಟಿಕ್ ಎಳೆ ಸೇರಿಸಿ ಹೊಸೆದದ್ದು, ಬಾವಿ ತೋಡುವಾಗ ಕಲ್ಲು ತುಂಬಿದ ತೊಟ್ಟಿ ಮೇಲೆತ್ತಲು. ಸಾವಿರ ಕಿಲೋ ತಡೆಯಬೇಕು. ಐದು ತುಂಡು ಎಳೆದೆ. ಮೂರು ತಡೆದವು. ಎರಡು ನಾನೂರಕ್ಕೇ ಹರಿದವು.

ನಿರ್ದೇಶಕ ಡಾ. ಸೋಮಸುಂದರ್ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಹನ್ನೆರಡು ಜನ ಗುತ್ತಿಗೆಯವರ ಸಂಬಳ ಆ ಮಿಲ್ಲು ಕೊಡಲಿದ್ದ ಮೂರು ವರ್ಷದ ಯೋಜನೆಯಿಂದ ಬರಬೇಕಿತ್ತು.

"ಆ ಎರಡು ದವಡೇಲಿ ಜಾರಿರಬಹುದು, ಹಲೀಮಾ," ಎಂದರು.

"ಜಾರಿಲ್ಲ ಸರ್. ಮಧ್ಯದಲ್ಲೇ ಹರಿದಿದಾವೆ."

"ಜಾರಿದೆ ಅಂತ ಇಟ್ಕೊಳ್ಳಮ್ಮ. ಮೂರರ ಮೇಲೆ ವರದಿ ಬರಿ."

ಅವಳು ಬರೆದಳು, ಸಹಿಯನ್ನೂ ಹಾಕಿದಳು. ಆ ವರದಿಯ ಮೇಲೆ ಮಿಲ್ಲಿಗೆ ಪ್ರಮಾಣಪತ್ರ ಸಿಕ್ಕಿತು. ಆ ಎರಡು ಕಾಗದಗಳನ್ನು ಮಾತ್ರ ಹರಿಯದೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಏಳು ತಿಂಗಳಾದ ಮೇಲೆ ಬಾಣಾವರದ ಕಡೆಯ ಒಂದು ಬಾವಿಯಲ್ಲಿ ಆ ಹಗ್ಗ ಹರಿಯಿತು. ಕಲ್ಲು ತುಂಬಿದ ತೊಟ್ಟಿ ಕೆಳಗೆ ನಿಂತಿದ್ದ ಇಬ್ಬರ ಮೇಲೆ ಬಿತ್ತು. ಹನುಮಬೋವಿ, ಅವನ ತಮ್ಮ ಗಿಡ್ಡಬೋವಿ, ಇಬ್ಬರೂ ಅಲ್ಲೇ ಹೋದರು. ಸುದ್ದಿ ಓದಿದ ದಿನ ಹಲೀಮಾ ನನ್ನ ಪಕ್ಕದ ಸ್ಟೂಲಿನ ಮೇಲೆ ಊಟದ ಡಬ್ಬಿ ತೆರೆಯದೆ ಕುಳಿತಿದ್ದಳು. ಅಂದಿನಿಂದ ದವಡೆಗಳ ನಡುವೆ ಏನೂ ಇಲ್ಲದಾಗಲೂ ನನಗೆ ಚಿಟ್ ಚಿಟ್ ಕೇಳಿಸತೊಡಗಿತು. ಅವಳೂ ಕೆಲವೊಮ್ಮೆ ಬರಿದಾದ ಆ ಜಾಗಕ್ಕೆ ಕಿವಿಯಿಟ್ಟು ನಿಲ್ಲುತ್ತಿದ್ದಳು.

ತನಿಖೆಗೆಂದು ಹರಿದ ಹಗ್ಗದ ಉಳಿದ ಭಾಗ ನನ್ನ ಬಳಿಗೇ ಬಂತು. ಮಂಡಳಿಯವರೆಲ್ಲ ಗೋಡೆ ದಾಟಿ ಬಂದು ನನ್ನ ಸುತ್ತ ನಿಂತರು. ಹಗ್ಗಕ್ಕೆ ಬಾವಿಯ ಕೆಸರು ಇನ್ನೂ ಅಂಟಿತ್ತು. ನಾನು ನೂರಾರು ಹಗ್ಗ ಎಳೆದಿದ್ದೇನೆ. ಎಳೆಯಬಾರದು ಎನಿಸಿದ್ದು ಅದೊಂದನ್ನೇ. ಆದರೂ ಎಳೆದೆ. ಮುನ್ನೂರ ಎಂಬತ್ತಕ್ಕೆ ಹರಿಯಿತು.

"ಪ್ರಮಾಣಪತ್ರದಲ್ಲಿ ಸಾವಿರದ ಮೇಲಿದೆಯಲ್ಲ?" ಎಂದು ಅಧ್ಯಕ್ಷೆ ಕೇಳಿದರು. ಅವರು ಇಲಾಖೆಯ ಕಾರ್ಯದರ್ಶಿ.

"ಬಳಸಿ ಸವೆದಿರಬೇಕು ಮೇಡಂ," ಎಂದರು ನಿರ್ದೇಶಕರು.

ಹಲೀಮಾ ಚೀಲ ತೆಗೆದಳು. ಮಡಿಕೆ ಬಿದ್ದಿದ್ದ ಎರಡು ಕಾಗದಗಳನ್ನು ನನ್ನ ಪೀಠದ ಮೇಲೆ ಹರಡಿದಳು.

"ಹೊಸದಿದ್ದಾಗಲೇ ಹೀಗಿತ್ತು ಮೇಡಂ. ಐದರಲ್ಲಿ ಎರಡು. ಎಳೆದೋಳು ನಾನೇ. ಅವೆರಡನ್ನ ಬಿಟ್ಟು ಸಹಿ ಹಾಕಿದೋಳೂ ನಾನೇ."

"ಯಾಕೆ ಹಾಕಿದಿರಿ?"

"ಮಾರ್ಚ್ ಆಗಿತ್ತು. ನನ್ನ ಹನ್ನೊಂದು ತಿಂಗಳು ಮುಗೀತಿತ್ತು."

ಮರುಳಸಿದ್ದಯ್ಯ, "ನಾನಂತೂ ಹೀಗೆ ಮಾಡಿ ಅಂತ ಯಾರಿಗೂ ಹೇಳಿಲ್ಲ," ಎಂದರು. ಅದು ನಿಜ. ಅವರು ಹೇಳಬೇಕಾದ ಅಗತ್ಯವೇ ಬಿದ್ದಿರಲಿಲ್ಲ.

ಮಿಲ್ಲಿನ ಪ್ರಮಾಣಪತ್ರ ರದ್ದಾಯಿತು. ಮರುಳಸಿದ್ದಯ್ಯ ಮಂಡಳಿ ಬಿಟ್ಟರು. ನಿರ್ದೇಶಕರನ್ನು ತೆಗೆದರು. ಪರೀಕ್ಷೆ ಮಾಡಿಸುವ ಕಾರ್ಖಾನೆಯವರು ಮಂಡಳಿಯಲ್ಲಿ ಕೂರಬಾರದೆಂದು ನಿಯಮವಾಯಿತು. ಹರಿದದ್ದು, ಉಳಿದದ್ದು ಎಲ್ಲವೂ ವರದಿಯಲ್ಲಿ ಬರಬೇಕೆಂದೂ ಆಯಿತು. ಅನುದಾನ ಮಾತ್ರ ಅರ್ಧವೇ ಉಳಿಯಿತು. ಹಲೀಮಾಳ ಗುತ್ತಿಗೆ ಮತ್ತೆ ಮುಂದುವರಿಯಲಿಲ್ಲ. ಹೋಗುವ ದಿನ ಅವಳು ನನ್ನ ತಿರುಪುಗಳಿಗೆಲ್ಲ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಹೋದಳು.

ಕಂಪ್ಯೂಟರ್ ಇರುವ ಯಂತ್ರ ಬಂದ ಮೇಲೆ ನನ್ನನ್ನು ಉಗ್ರಾಣಕ್ಕೆ ತಳ್ಳಿದರು. ಇಲ್ಲಿ ಎಳೆಯಲು ಏನೂ ಇಲ್ಲ. ಆದರೂ ಆ ಚಿಟ್ ಚಿಟ್ ಸದ್ದು ನನ್ನನ್ನು ಬಿಟ್ಟಿಲ್ಲ.

ಹೋದ ತಿಂಗಳು ಹನುಮಬೋವಿಯ ಹೆಂಡತಿ ಸಾಕಮ್ಮ ಪರಿಹಾರದ ಕಾಗದಕ್ಕೆ ಮುದ್ರೆ ಹಾಕಿಸಲು ಬಂದಿದ್ದಳು. ಆ ಯಂತ್ರ ಎಲ್ಲಿದೆ ಎಂದು ಕೇಳಿಕೊಂಡು ಉಗ್ರಾಣದವರೆಗೂ ಬಂದಳು. ಉಗ್ರಾಣ ನೋಡಿಕೊಳ್ಳುವ ಪುಟ್ಟಲಿಂಗಯ್ಯ ಬಾಗಿಲು ತೆಗೆದ.

"ಇದು ಸರಿಯಾಗೇ ಹೇಳಿತ್ತಂತಲ್ಲಣ್ಣ?"

"ಹೂಂ ಕಣಮ್ಮ. ಸರಿಯಾಗೇ ಹೇಳಿತ್ತು."

"ಮತ್ತೆ ಯಾರಿಗೆ ಹೇಳ್ತು?"

ಅವಳು ನನ್ನ ಕೆಳದವಡೆಯ ಮೇಲೆ ಕೈಯಾಡಿಸಿದಳು. ಹಲ್ಲುಗಳ ಸಂದಿಯಲ್ಲಿ ಒಂದು ನಾರು ಸಿಕ್ಕಿಕೊಂಡಿತ್ತು. ಯಾವ ಹಗ್ಗದ್ದೋ ನನಗೂ ಗೊತ್ತಿಲ್ಲ. ಅದನ್ನು ಮೆಲ್ಲಗೆ ಬಿಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದಳು.