ಪನಾಕೆಯಳಿಗೆ ಒತ್ತೆ

ದೇವರ ಮಗಳ ಹೆಸರು ಬರುವ ಕಥೆಯನ್ನು ಬಲ್ಲವರು ಹೇಳಬೇಕು. ನನಗೆ ಅಷ್ಟು ತಿಳಿವಳಿಕೆ ಇಲ್ಲ. ಆದರೂ ಹೇಳಹೊರಟಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಅತ್ತೆ, ಇಲ್ಲಿದೆ. ಬೇಗ ಬನ್ನಿ, ಇಲ್ಲೇ ಇದೆ."

ಫಿಲಿನ್ನಾಳ ಕೂಗಿಗೆ ಕಣಿವೆಯಾಚೆಯ ಮೇಕೆಗಳು ಮೇಯುವುದು ಬಿಟ್ಟು ತಲೆಯೆತ್ತಿದವು. ಬಂಡೆಯ ಮಗ್ಗುಲಲ್ಲಿ ಆಳೆತ್ತರದ ಗಿಡ, ತುದಿಯಲ್ಲಿ ಕೊಡೆ ಬಿಚ್ಚಿದಂಥ ಹಳದಿ ಹೂ. ಎಲೆಯೊಂದನ್ನು ಕಿವುಚಿ ಮೂಸಿದಳು. ಅದೇ ಘಾಟು, ಮೂಗಿನಿಂದ ನೆತ್ತಿಗೇರುವಂಥದ್ದು. ಒರೋಪೊಸ್ ಸಂತೆಯಲ್ಲಿ ಪನಾಕೆಸ್ ಎಂದು ಮಾರುವ ಒಣಕಡ್ಡಿಗಳಿಗೆ ಇದರ ಸುಳಿವೂ ಇರುವುದಿಲ್ಲ. ಸಕಲ ರೋಗವನ್ನೂ ವಾಸಿಮಾಡುವ ಬೇರು ಅವಳ ಕಾಲ ಬುಡದಲ್ಲೇ ಇತ್ತು.

ಗಂಡ ಡೆಕ್ಸಿಯಸ್ ಆಚೆ ದಡಕ್ಕೆ ದೋಣಿ ನಡೆಸುವವನು. ಲಂಗರಿನ ಕಲ್ಲು ಮೊಣಕಾಲ ಕೆಳಗೆ ಬಿದ್ದು ಆದ ಗಾಯ ವಸಂತವಿಡೀ ಮುಚ್ಚಿರಲಿಲ್ಲ. ಈ ದಿನ ಮಧ್ಯಾಹ್ನ ವೈದ್ಯ ಕಾಲು ತೆಗೆಯಲು ಗರಗಸ ತರುವವನಿದ್ದ. "ತಾಜಾ ಪನಾಕೆಸ್ ಬೇರು ಸಿಕ್ಕರೆ ಬೇರೆ ಮಾತು" ಎಂದು ಹೊಸ್ತಿಲಲ್ಲಿ ನಿಂತು ಹೇಳಿಹೋಗಿದ್ದ, ಸಿಗುವುದಿಲ್ಲವೆಂದು ಗೊತ್ತಿದ್ದವರು ಹೇಳುವ ಹಾಗೆ.

ಅತ್ತೆ ಥಿಯಾನೊ ಮಂಡಿ ಹಿಡಿದುಕೊಂಡು ಹತ್ತಿ ಬಂದಳು. ಗಿಡ ನೋಡಿದವಳೇ ಅಲ್ಲೇ ನಿಂತುಬಿಟ್ಟಳು.

"ಇದೇನಾ?"

"ಇದೇ ಅತ್ತೆ. ಮೂಸಿ ನೋಡಿ."

"ಪನಾಕೆಯಳ ಮೇಲೆ ಆಣೆ ಇಟ್ಟು ವೈದ್ಯ ಆದೋನು ಅವನು, ಕೈಯಲ್ಲಿ ಹಿಡಿಯೋದು ಮಾತ್ರ ಬಡಗಿ ಸಾಮಾನು." ಅವಳ ದನಿ ಯಾಕೋ ಸಣ್ಣದಾಗಿತ್ತು.

"ಹಾಗನ್ಬೇಡಿ. ದೇವತೆ ಕೇಳಿಸ್ಕೋತಾಳೆ."

"ಕೇಳಿಸ್ಕೊಳ್ಳಲಿ. ವೈದ್ಯರ ದೇವರ ಹೆಣ್ಣುಮಕ್ಕಳನ್ನೇ ನೋಡು. ಕಾಯಿಲೆ ಬರದ ಹಾಗೆ ಕಾಯೋ ಹೈಗಿಯಾಗೆ ನಮ್ಮನೆ ದಾರೀನೇ ಗೊತ್ತಿಲ್ಲ. ಬಂದಮೇಲೆ ವಾಸಿ ಮಾಡೋ ಪನಾಕೆಯ ಒಬ್ಬಳೇ ನಮಗೆ ಗತಿ."

ಫಿಲಿನ್ನಾ ಆಗಲೇ ಅಗೆಯತೊಡಗಿದ್ದಳು. ನಗು ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಕಲ್ಲು ಸಿಕ್ಕಲ್ಲಿ ಗುದ್ದಲಿ ಬಿಟ್ಟು ಉಗುರಿನಿಂದಲೇ ಕೆದಕಿದಳು. ಕೊನೆಗೆ ತೋಳುದ್ದದ ಬೇರು ಹಳದಿ ಹಾಲು ಸುರಿಸುತ್ತ ಮೇಲೆ ಬಂತು. ಅದನ್ನು ಮಗುವಿನಂತೆ ಸೆರಗಿನಲ್ಲಿ ಸುತ್ತಿಕೊಂಡಳು. ಬೇರು ತೆಗೆದ ಗುಂಡಿಯನ್ನು ಬರಿದಾಗಿ ಬಿಟ್ಟು ಬರುವಂತಿಲ್ಲ. ಎಲ್ಲ ಬಗೆಯ ಕಾಳು, ಮೇಲೆ ಒಂದು ಜೇನುರೊಟ್ಟಿ ಇಟ್ಟು ಮಣ್ಣು ಮುಚ್ಚಬೇಕು. ಕೊಡದೆ ಒಯ್ದ ಬೇರು ಬರೀ ಸೌದೆ ಎನ್ನುತ್ತಾರೆ ಬೇರು ಅಗೆಯುವವರು. ಅವಳು ಗಂಟು ಬಿಚ್ಚಿ ಗೋಧಿ, ಬಾರ್ಲಿ, ಕಡಲೆ ಸುರಿದಳು.

"ರೊಟ್ಟಿ ಕೊಡಿ ಅತ್ತೆ."

ಥಿಯಾನೊ ಬುಟ್ಟಿಯ ಬಟ್ಟೆ ಸರಿಸಲಿಲ್ಲ.

"ಅತ್ತೆ?"

"ಇಲ್ಲ ಕಣೇ."

ಫಿಲಿನ್ನಾ ಬುಟ್ಟಿ ಕಸಿದು ನೋಡಿದಳು. ನೀರಿನ ಕುಡಿಕೆ, ನಾಲ್ಕು ಆಲಿವ್ ಕಾಯಿ. "ದಾರೀಲಿ ತಿಂದ್ಬಿಟ್ರಾ? ದೇವರದ್ದು ಅಂತ ಗೊತ್ತಿದ್ದೂ?"

"ನಾನಲ್ಲ, ಅವನು." ಮುದುಕಿ ಬೇರೆ ಕಡೆ ನೋಡಿದಳು. "ಹೊರಡೋವಾಗ ಕರೆದ. ಅಮ್ಮಾ, ರೊಟ್ಟಿ ವಾಸನೆ ಬರ್ತಿದೆ ಅಂದ. ಎಷ್ಟು ದಿನದಿಂದ ಗಂಜೀನೂ ಮುಟ್ಟಿರಲಿಲ್ಲ. ಮುರಿದು ಕೊಟ್ಟೆ. ಅಷ್ಟೂ ತಿಂದ ಕಣೇ, ಬೆರಳು ನೆಕ್ಕಿದ."

"ನಂಗ್ಯಾಕೆ ಹೇಳ್ಲಿಲ್ಲ?"

"ಬೇರು ಸಿಗುತ್ತೆ ಅಂತ ನಂಬಿರಲಿಲ್ಲ. ನೀನು ಒಬ್ಬಳೇ ಬೆಟ್ಟ ಅಲೀತೀಯಲ್ಲ ಅಂತ ಜೊತೆಗೆ ಬಂದೆ."

ಬಿಸಿಲು ಏರುತ್ತಿತ್ತು. ಕೆಳಗೆ ಊರಿನ ಹೆಂಚುಗಳು, ಅದರಾಚೆ ಕಡಲು. ರೊಟ್ಟಿ ಸುಟ್ಟು ತರುವಷ್ಟರಲ್ಲಿ ಕಾಲು ಹೋಗಿರುತ್ತದೆ. ಕೊಡದೆ ಹೋದರೆ ಬೇರು ಸೌದೆ. ಫಿಲಿನ್ನಾ ಬೇರನ್ನು ಎದೆಗವಚಿಕೊಂಡು ಅತ್ತಿತ್ತ ನೋಡುತ್ತ ನಿಂತಳು.

ಥಿಯಾನೊ ಚಪ್ಪಲಿ ಬಿಚ್ಚಿದಳು. ಗುಂಡಿಯ ಅಂಚಿನಲ್ಲಿ ಕೂತು ಎರಡೂ ಕಾಲು ಕಾಳುಗಳ ಮೇಲೆ ಇಳಿಬಿಟ್ಟಳು.

"ನೀನು ಓಡು. ರೊಟ್ಟಿ ಬರೋವರೆಗೆ ನಾನು ಒತ್ತೆ."

"ಹಾಗೆಲ್ಲ ಉಂಟಾ ಅತ್ತೆ?"

"ಅವಳು ಬೇಡ ಅಂದ್ರೆ ನಾನು ಮಾತಾಡ್ಕೋತೀನಿ. ಓಡೇ, ನನ್ನ ಮುಖ ನೋಡ್ತಾ ನಿಲ್ಬೇಡ."

ಫಿಲಿನ್ನಾ ಓಡಿದಳು. ಮುಳ್ಳುಪೊದೆ ಗೀರಿತು, ಒಂದು ಚಪ್ಪಲಿ ಎಲ್ಲೋ ಕಳಚಿತು, ಅವಳು ತಿರುಗಿ ನೋಡಲಿಲ್ಲ. ಮನೆ ಮುಟ್ಟಿದಾಗ ವೈದ್ಯ ಅಂಗಳದಲ್ಲಿ ಕೈ ತೊಳೆಯುತ್ತಿದ್ದ. ಅವಳು ಸೆರಗು ಬಿಚ್ಚಿ ತೋರಿಸಿದಳು.

ವೈದ್ಯ ಬೇರನ್ನು ಮುರಿದ, ಮೂಸಿದ, ನಾಲಗೆಗೆ ತಾಗಿಸಿ ಉಗುಳಿದ. ಗರಗಸವನ್ನು ಚೀಲದೊಳಗೆ ತಳ್ಳಿ, "ಒರಳೆಲ್ಲಿ?" ಎಂದ.

ಜಜ್ಜಿದ ಬೇರನ್ನು ಜೇನಿನಲ್ಲಿ ಕಲಸಿ ಗಾಯಕ್ಕೆ ಮೆತ್ತುವಾಗ ಡೆಕ್ಸಿಯಸ್ ಬಾಯಿಗೆ ಬಂದದ್ದೆಲ್ಲ ಬೈದ. ವೈದ್ಯನಿಗೆ ಅದು ಹಿತವಾಗಿ ಕೇಳಿಸಿದಂತಿತ್ತು. "ಬೈಯೋಕೆ ತ್ರಾಣ ಇದೆ. ಕೆಲವು ದಿನ ನೋಡೋಣ."

ಉಳಿದ ಜೇನನ್ನು ಫಿಲಿನ್ನಾ ಹಿಟ್ಟಿಗೆ ಸುರಿದಳು. ರೊಟ್ಟಿ ಬೇಯುವ ಘಮಕ್ಕೆ ಡೆಕ್ಸಿಯಸ್ ಕತ್ತೆತ್ತಿದ.

"ಇದು ನಿನಗಲ್ಲ."

"ಅಮ್ಮ ಎಲ್ಲಿ?"

"ಬೆಟ್ಟದಲ್ಲಿ. ನೀನು ತಿಂದ ರೊಟ್ಟಿಗೆ ಒತ್ತೆ ಕೂತಿದಾರೆ."

ಅವನು ಗೋಡೆಯ ಕಡೆ ಮುಖ ಮಾಡಿಕೊಂಡ. ಭುಜ ಅಲುಗುತ್ತಿತ್ತು, ನಗುವೋ ಅಳುವೋ ನೋಡುತ್ತ ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ.

ಅವಳು ಮತ್ತೆ ಹತ್ತಿದಾಗ ಬಂಡೆಯ ನೆರಳು ಉದ್ದವಾಗಿತ್ತು. ಮುದುಕಿ ಬಿಟ್ಟಲ್ಲೇ ಕೂತಿದ್ದಳು. ಮುಂದಕ್ಕೆ ಬಾಗಿ, ನೆರೆಮನೆಯವಳೊಡನೆ ಗೋಡೆಯಾಚೆ ಮಾತಾಡುವಂತೆ, ಗುಂಡಿಯೊಳಕ್ಕೆ ಮೆಲ್ಲಗೆ ಏನೋ ಹೇಳುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ಮಾತು ನಿಲ್ಲಿಸಿದಳು.

"ಕಾಲು?"

"ಇದೆ."

ಥಿಯಾನೊ ತನ್ನ ಪಾದಗಳನ್ನು ಮೇಲೆತ್ತಿಕೊಂಡಳು. ರೊಟ್ಟಿಯನ್ನು ತಾನೇ ಇಟ್ಟಳು. ಅಂಗೈಗೆ ಒಂದು ಚೂರು ಅಂಟಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಸಿಹಿ ಕಂಡರೆ ಪ್ರಾಣ ಬಿಡುವ ಮುದುಕಿ ಅದನ್ನೂ ಉಗುರಿನಿಂದ ಬಿಡಿಸಿ ಗುಂಡಿಗೆ ಉದುರಿಸಿದಳು. ಆಮೇಲೆ ಇಬ್ಬರೂ ಕೈಯಿಂದ ಮಣ್ಣು ಎಳೆದರು.

ಚಳಿಗಾಲಕ್ಕೆ ಮುಂಚೆ ಡೆಕ್ಸಿಯಸ್ ಮತ್ತೆ ದೋಣಿಯ ಹುಟ್ಟು ಹಿಡಿದ. ವಾಸಿಮಾಡಿದ್ದು ಬೇರೋ, ಅಮ್ಮ ಮುರಿದು ಕೊಟ್ಟ ರೊಟ್ಟಿಯೋ, ನನಗೆ ತಿಳಿಯದು. ಆ ದಿನ ಗುಂಡಿಯ ಹತ್ತಿರ ಥಿಯಾನೊ ಏನು ಮಾತಾಡಿದಳೆಂಬುದೂ ತಿಳಿಯದು. ಸೊಸೆ ಎಷ್ಟೋ ಸಲ ಕೇಳಿದಳಂತೆ, ಅವಳು ಹೇಳಲಿಲ್ಲ.