ಎದೆ-ಬೆನ್ನು ಇಲ್ಲಿ, ತೋಳು ಅಲ್ಲಿ

ಅಜ್ಜನ ಹೊಲಿಗೆ ಅಂಗಡಿ ಪಾಲಾದ ದಿನ, ಯಾರಿಗೂ ಅನ್ಯಾಯವಾಗಬಾರದೆಂದು ಅಣ್ಣತಮ್ಮಂದಿರು ಬಟ್ಟೆಯ ಮೇಲಿಟ್ಟು ಕೋಟು ಕತ್ತರಿಸುವ ಅಳತೆಯ ರಟ್ಟುಗಳನ್ನೂ ಎಣಿಸಿ ಸಮವಾಗಿ ಹಂಚಿಕೊಂಡಿದ್ದರು. ಎದೆ, ಬೆನ್ನು ಅಣ್ಣನಿಗೆ. ತೋಳು, ಕಾಲರು ತಮ್ಮನಿಗೆ. ಬೇರೆ ರಟ್ಟಿನ ತೋಳು ಕೂರಿಸಿದರೆ ಹೆಗಲು ಮುದುಡುತ್ತಿತ್ತು. ಅಂದಿನಿಂದ ಅಜ್ಜನ ಕೋಟು ಯಾವ ಅಂಗಡಿಯಲ್ಲೂ ಹುಟ್ಟಲಿಲ್ಲ. ಎದುರುಬದುರಿನ ಆ ಎರಡು ಅಂಗಡಿಗಳ ನಡುವೆ ಮಾತೂ ಹುಟ್ಟಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲಿ ಮಗ ಕೂರುತ್ತಿದ್ದ.

ಅಣ್ಣನ ಮಗಳು ನಿಘಂಟಿನ ಕಚೇರಿಯಲ್ಲಿ ಪದಗಳ ಚೀಟಿ ಬರೆಯುವವಳು. ಅಪ್ಪ ಸೂಜಿಗೆ ದಾರ ಪೋಣಿಸಲು ಎಷ್ಟು ಸಲ ತಡಕಾಡಿದರೆಂದು ಕದ್ದು ನೋಡಿ ನೋಡಿ ಅವಳ ನಿದ್ದೆ ಕೆಟ್ಟಿತ್ತು.

"ಕಣ್ಣು ಪೂರ್ತಿ ಹೋಗೋದ್ರೊಳಗೆ ನಮ್ಮಪ್ಪನ ಕೋಟು ಒಂದೇ ಒಂದು ಕತ್ತರಿಸಬೇಕು ಕಣೇ," ಎನ್ನುತ್ತಿದ್ದ ಅವರು ರಸ್ತೆಯಾಚೆಗೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ಅಂದು ಅವಳ ಮೇಜಿಗೆ ಬಂದ ಪದ 'ದಾಯಾದಿ'. 'ಹಗೆ ಸಾಧಿಸುವ ಬಂಧು' ಎಂದು ಬರೆದಳು. ಹಿರಿಯ ಸಂಪಾದಕರು ಚೀಟಿಯನ್ನು ಹಿಂದಕ್ಕೆ ತಳ್ಳಿದರು.

"ಹಗೆ ಎಲ್ಲಿಂದ ತಂದ್ರಿ ತಾಯಿ? ದಾಯ ಅಂದ್ರೆ ಹಿರಿಯರಿಂದ ಬಂದ ಪಾಲು. ಅದನ್ನ ತಗೊಳ್ಳೋನು ದಾಯಾದ. ನಮ್ಮ ಬಾಯಲ್ಲಿ ದಾಯಾದಿ ಆಯ್ತು. ಜಗಳ ಆಮೇಲೆ ನಾವು ಸೇರಿಸಿದ್ದು. ಮೊದಲನೇ ಅರ್ಥ ಮೊದಲು ಬರೀರಿ."

ಬರೆದಳು. ಸಂಜೆ ಮನೆಯ ಕಡೆ ತಿರುಗಬೇಕಾದ ಕಾಲು ರಸ್ತೆ ದಾಟಿತು. ಚಿಕ್ಕಪ್ಪನ ಅಂಗಡಿಯ ಬಾಗಿಲಲ್ಲಿ ನಿಂತು ಮೂರು ಸಲ ಮಾತು ಜೋಡಿಸಿಕೊಂಡಳು; ಒಂದೂ ನಿಲ್ಲಲಿಲ್ಲ.

ಚಿಕ್ಕಪ್ಪನ ಮಗ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. "ಏನಕ್ಕಾ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ದಾಯಾದಿ ಅಂಗಡಿಗೆ ಬಂದಿದೀಯ!"

"ಅಪ್ಪಂಗೆ ಕಣ್ಣು ಹೋಗ್ತಿದೆ ಕಣೋ. ತೋಳಿನ ರಟ್ಟು, ಕಾಲರಿನ ರಟ್ಟು... ಒಂದು ದಿನಕ್ಕೆ ಕೊಡ್ತೀಯಾ?"

"ಕೊಡಲ್ಲ."

ಅವನು ಅಟ್ಟದಿಂದ ಧೂಳು ಹಿಡಿದ ಕಟ್ಟೊಂದನ್ನು ಇಳಿಸಿ ಕಂಕುಳಲ್ಲಿ ಇರುಕಿಕೊಂಡ.

"ಕೊಟ್ಟು ಕೂತ್ರೆ ನಂಗೇನು ಬಂತು? ಈ ತೋಳು ಎದೆಗೆ ಹೇಗೆ ಕೂರುತ್ತೆ ಅಂತ ನಮ್ಮಪ್ಪಂಗೆ ತೋರಿಸೋಕೇ ಆಗ್ಲಿಲ್ಲ. ನಾನೇ ತರ್ತೀನಿ, ದೊಡ್ಡಪ್ಪ ನನ್ನೆದುರಿಗೇ ಕತ್ತರಿಸ್ಲಿ. ಬೈದ್ರೆ ನೀನು ಅಡ್ಡ ನಿಲ್ಬೇಕು, ಅಷ್ಟೆ."

ಅಡ್ಡ ನಿಲ್ಲಲು ಅವಳು ಸಿದ್ಧಳಾಗಿಯೇ ಅಪ್ಪನ ಅಂಗಡಿಯೊಳಗೆ ಹೋದಳು. ಅಪ್ಪ ಬೈಯಲಿಲ್ಲ. ಬಂದವನ ಹೆಗಲನ್ನು ತಡವಿ, ಗೇಣು ಹಾಕಿ ಅಳೆದರು.

"ಬಲಗಡೆ ಸ್ವಲ್ಪ ಇಳಿದಿದೆ. ಥೇಟ್ ನಿಮ್ಮಪ್ಪ," ಎಂದರು.

ಅವಳು ದೀಪವನ್ನು ಮೇಜಿನ ಹತ್ತಿರಕ್ಕೆ ಎಳೆದಳು. ನಾಲ್ಕೂ ರಟ್ಟುಗಳು ಬಟ್ಟೆಯ ಮೇಲೆ ಪಕ್ಕಪಕ್ಕ ಬಿದ್ದುಕೊಂಡವು.

"ಸೀಮೆಸುಣ್ಣ ತಗೋ," ಎಂದರು ಅಪ್ಪ, ತಮ್ಮನ ಮಗನಿಗೆ. "ಗೆರೆ ನೀನು ಎಳಿ. ಕತ್ತರಿ ಮಾತ್ರ ನಂದು."